ಕಾಗದಕ್ಕೆ ದುಡ್ಡು ಉಂಟು, ಅನುವಾದಕರಿಗೆ?

2025ರ ಮೇ 20ರಂದು ಲಂಡನ್ನಿನಲ್ಲಿ ಕತೆಗಾರ್ತಿ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಅದಾದ ಮೇಲೆ ನಮ್ಮ ಕರಾವಳಿಯ ಸಾಹಿತ್ಯ ಕೂಟಗಳಲ್ಲಿ ಒಂದು ಮಾತು ಜಾಸ್ತಿಯಾಗಿದೆ. ಮಂಗಳೂರಿನಿಂದಲೋ ಉಡುಪಿಯಿಂದಲೋ ಒಂದು ಗಟ್ಟಿ ಸಾಹಿತ್ಯ ಪತ್ರಿಕೆ ಹೊರಡಬೇಕು. ಅದರಲ್ಲಿ ಇಲ್ಲಿನ ಹೊಸಬರೂ ಇರಬೇಕು, ಹೊರದೇಶದ ಹೊಸ ಬರಹವೂ ಇರಬೇಕು. ಆಸೆ ಒಳ್ಳೆಯದೇ. ಆದರೆ ಈ ಮಾತು ಶುರುವಾದ ಐದು ನಿಮಿಷಕ್ಕೆ ಪ್ರೆಸ್ಸಿನ ಖರ್ಚಿಗೆ ಹೋಗಿ ಮುಟ್ಟುತ್ತದೆ. ಎಷ್ಟು ಪುಟ, ಎಷ್ಟು ಪ್ರತಿ, ಯಾವ ಕಾಗದ, ಹಿಂಬದಿ ಜಾಹೀರಾತು ಯಾರು ಕೊಡುತ್ತಾರೆ. ಅನುವಾದ ಯಾರು ಮಾಡುತ್ತಾರೆ, ಅವರಿಗೆ ಏನು ಕೊಡುತ್ತೇವೆ, ಬಂದ ಬರಹವನ್ನು ಯಾರು ತಿದ್ದುತ್ತಾರೆ ಎಂದು ಕೇಳುವವರು ಕಡಿಮೆ. ಇಂಥ ಪತ್ರಿಕೆ ನಿಲ್ಲುವುದೂ ಮುಗ್ಗರಿಸುವುದೂ ಇವೇ ಪ್ರಶ್ನೆಗಳ ಮೇಲೆ ಎಂದು ನನ್ನ ಅಂದಾಜು.

ಬೂಕರ್ ಬಂದ ದಾರಿಯನ್ನೇ ನೋಡಿ. ಬಹುಮಾನ ಬಂದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಇರುವುದು 12 ಕತೆಗಳು. 1990ರಿಂದ 2023ರವರೆಗೆ ಬರೆದವು. ಮೂವತ್ತಕ್ಕೂ ಜಾಸ್ತಿ ವರ್ಷ ಅವು ಕನ್ನಡದ ಓದುಗರ ನಡುವೆಯೇ ಬೆಳೆದವು. ಇಂಗ್ಲಿಷಿನಲ್ಲಿ ಅವನ್ನು ತಂದದ್ದು ಇಂಗ್ಲೆಂಡಿನ ಶೆಫೀಲ್ಡಿನ ‘ಅಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನ. ಪುಸ್ತಕ ಬರುವ ಮೊದಲೇ ದುಡ್ಡು ಕಟ್ಟುವ ಚಂದಾದಾರರು ಅದಕ್ಕಿದ್ದಾರೆ. ಈ ಅನುವಾದಕ್ಕೆ ಇಂಗ್ಲಿಷ್ ಪೆನ್ ಎಂಬ ಲೇಖಕರ ಸಂಸ್ಥೆಯ ನೆರವೂ ಸಿಕ್ಕಿತ್ತು. ಬಹುಮಾನದ 50,000 ಪೌಂಡಿನಲ್ಲಿ ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. 2016ರಿಂದ ಆ ಬಹುಮಾನದ ನಿಯಮವೇ ಹಾಗೆ. ಅಂದರೆ ಆ ದಾರಿಯ ಒಂದೊಂದು ತಿರುವಿನಲ್ಲೂ ಅನುವಾದವನ್ನು ಒಂದು ಕೆಲಸ ಎಂದು ಎಣಿಸಿ ಅದಕ್ಕೆ ಕೂಲಿ ಇಟ್ಟವರಿದ್ದರು. ನಮ್ಮಲ್ಲಿ ಸಣ್ಣ ಪತ್ರಿಕೆಗೆ ಅನುವಾದ ಮಾಡಿದವರಿಗೆ ಸಿಗುವುದು ಒಂದು ಗೌರವ ಪ್ರತಿ. ಅದೂ ಕೆಲವೊಮ್ಮೆ ಕೇಳಿದ ಮೇಲೆ.

ಊರಿನದನ್ನೂ ಹೊರಗಿನದನ್ನೂ ಒಟ್ಟಿಗೆ ಹಾಕುವ ಯೋಚನೆ ಇಲ್ಲಿಗೆ ಹೊಸದೇನಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುವಾದದ್ದು 1843ರ ಜುಲೈ 1ರಂದು, ಇದೇ ಊರಿನಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತೆಗೆಯುತ್ತಿದ್ದರು. ಊರಿನ ವರ್ತಮಾನದ ಜತೆ ಸರ್ವರಾಜ್ಯ ವರ್ತಮಾನವೂ ಅದರಲ್ಲಿತ್ತು, ಕತೆಗಳೂ ಇದ್ದವು. ಮರುವರ್ಷವೇ ಅದು ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚುಮೊಳೆಯ ಪ್ರೆಸ್ ಇತ್ತು. ನಮ್ಮ ಮೊದಲ ಪತ್ರಿಕೆ ಊರು ಬಿಟ್ಟದ್ದೂ ಮುದ್ರಣದ ಕಾರಣಕ್ಕೇ ಎಂಬುದು ತಮಾಷೆ. ಪ್ರೆಸ್ಸಿನ ಖರ್ಚಿನ ಬಗ್ಗೆ ಚಿಂತೆ ಮಾಡುವವರಿಗೆ ಅಷ್ಟು ಹಳೆಯ ಪರಂಪರೆ ಉಂಟು ಅನ್ನಿ.

ಅದಾಗಿ ಅರ್ಧ ಶತಮಾನದ ಮೇಲೆ ನಂದಳಿಕೆಯ ಲಕ್ಷ್ಮೀನಾರಣಪ್ಪ, ನಾವು ಮುದ್ದಣ ಎಂದು ಕರೆಯುವವರು, ಉಡುಪಿಯಲ್ಲಿ ಡ್ರಿಲ್ ಮಾಸ್ಟರಾಗಿದ್ದರು. ಅವರು ತಮ್ಮ ಕಾವ್ಯಗಳನ್ನು ಕಳಿಸಿದ್ದು ಮೈಸೂರಿನಿಂದ ಬರುತ್ತಿದ್ದ ಕಾವ್ಯ ಪತ್ರಿಕೆಗೆ. ಅದೂ ತಮ್ಮದು ಎಂದು ಹೇಳಿಕೊಳ್ಳದೆ, ಯಾವುದೋ ಹಳೆಯ ಕವಿಯದು ಎಂಬ ಹಾಗೆ. 1901ರಲ್ಲಿ ಅವರು ಸಣ್ಣ ವಯಸ್ಸಿಗೇ ತೀರಿಕೊಂಡರು. ಇದನ್ನು ಕರಾವಳಿಯವರ ನಾಚಿಕೆ ಸ್ವಭಾವಕ್ಕೆ ಉದಾಹರಣೆಯಾಗಿ ಹೇಳುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಹೊಸದಾಗಿ ಬರೆಯುವವನಿಗೆ ಹತ್ತಿರದಲ್ಲಿ ಓದಿ ಹೇಳುವವರಿಲ್ಲ. ದೂರದ ಪತ್ರಿಕೆಗೆ ಹೊಸಬನ ಹೆಸರಿಗಿಂತ ಹಳಬನ ಹೆಸರೇ ಹೆಚ್ಚು. ಆ ಸ್ಥಿತಿ ಪೂರ್ತಿ ಬದಲಾಗಿದೆ ಎಂದು ಹೇಳಲು ಧೈರ್ಯ ಬೇಕು.

ನಡುವೆ ಪ್ರಯತ್ನಗಳಾಗಿವೆ. ಶಿವರಾಮ ಕಾರಂತರು ಯುವಕರಾಗಿದ್ದಾಗ ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. ಮೊಗೇರಿಯ ಗೋಪಾಲಕೃಷ್ಣ ಅಡಿಗರು 1962ರಲ್ಲಿ ‘ಸಾಕ್ಷಿ’ ಶುರು ಮಾಡಿದರು. ಅರವತ್ತರ ದಶಕದ ಕೊನೆಗೆ ಅವರು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಬಂತು, ಆಮೇಲೆ ಅದೇ ಬಳಗದ ‘ತುಷಾರ’, ‘ತರಂಗ’. ಕರಾವಳಿಯ ಎಷ್ಟೋ ಮನೆಗಳಲ್ಲಿ ಕತೆ ಓದುವ ಅಭ್ಯಾಸ ಹುಟ್ಟಿದ್ದೇ ಇವುಗಳಿಂದ. ಆದರೆ ಲಕ್ಷ ಮನೆಗೆ ಹೋಗುವ ಮಾಸಪತ್ರಿಕೆ ಮಾಡುವ ಕೆಲಸವೇ ಬೇರೆ. ನಲವತ್ತು ಪುಟದ ಒಂದು ಕಷ್ಟದ ಕತೆಯನ್ನು ಅದು ಹಾಕಲಾರದು, ಹಾಕಬೇಕೆಂದು ಕೇಳುವುದೂ ತಪ್ಪು. ಆ ಜಾಗ ಸಣ್ಣ ಪತ್ರಿಕೆಯದು. ವಿವೇಕ ಶಾನಭಾಗರ ‘ದೇಶ ಕಾಲ’ 2005ರಿಂದ ಏಳು ವರ್ಷ ಆ ಜಾಗ ತುಂಬಿತು. ಅದು ಬೆಂಗಳೂರಿನಿಂದ ಬರುತ್ತಿತ್ತು.

ಬೆಂಗಳೂರು ಇರುವಾಗ ಇಲ್ಲಿ ಯಾಕೆ ಬೇಕು? ನ್ಯಾಯವಾದ ಪ್ರಶ್ನೆ. ಇಂಟರ್ನೆಟ್ ಇರುವಾಗ ಸಂಪಾದಕರು ಎಲ್ಲಿ ಕೂತರೂ ಒಂದೇ ಅಲ್ವಾ? ಅಷ್ಟು ಒಂದೇ ಅಲ್ಲ. ಈ ಎರಡು ಜಿಲ್ಲೆಗಳಲ್ಲಿ ಬೇರೆ ಕಡೆ ಇಲ್ಲದ ಒಂದು ಸೌಕರ್ಯ ಉಂಟು. ತುಳು, ಕೊಂಕಣಿ, ಬ್ಯಾರಿ, ಮೂರನ್ನೂ ನಾವು ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ‘ರಾಕ್ಣೊ’ ಕೊಂಕಣಿ ವಾರಪತ್ರಿಕೆ 1938ರಿಂದ ಕನ್ನಡ ಲಿಪಿಯಲ್ಲೇ ಬರುತ್ತಿದೆ. ತುಳು ಸಾಹಿತ್ಯ ಅಕಾಡೆಮಿಯ ‘ಮದಿಪು’ ಕೂಡ ಅಷ್ಟೇ. ಹಾಗಾಗಿ ಒಂದು ತುಳು ಕತೆಯನ್ನು ಎಡಪುಟದಲ್ಲಿ, ಅದರ ಕನ್ನಡವನ್ನು ಬಲಪುಟದಲ್ಲಿ ಹಾಕಿದರೆ ಓದುಗ ಎರಡನ್ನೂ ಓದಬಲ್ಲ. ಭಾಷೆ ಪೂರ್ತಿ ಗೊತ್ತಿಲ್ಲದಿದ್ದರೂ ದನಿ ಕೇಳುತ್ತದೆ. ಫ್ರೆಂಚಿಗೋ ಚೀನಿಗೋ ಈ ಭಾಗ್ಯ ಇಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದವರು ಆರು ಸಂಪುಟದ ತುಳು ನಿಘಂಟು ಮಾಡಿಟ್ಟಿದ್ದಾರೆ. ಅನುಮಾನ ಬಂದಾಗ ತೆರೆದು ನೋಡಲಿಕ್ಕೆ ಅದಿದೆ.

ಕೊಂಕಣಿಯದ್ದು ಇನ್ನೂ ವಿಚಿತ್ರ. ಗೋವೆಯವರು ದೇವನಾಗರಿಯಲ್ಲಿ ಮತ್ತು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಮಂಗಳೂರಿನ ಕೊಂಕಣಿ ಓದುಗನಿಗೆ ಅದು ಕೇಳಿದರೆ ಅರ್ಥ ಆದೀತು, ಓದಲು ಕಷ್ಟ. ಅಲ್ಲಿಯವರಿಗೆ ನಮ್ಮದು ಹಾಗೆಯೇ. ಒಂದೇ ಭಾಷೆಯ ಬರಹಗಾರರು ಒಬ್ಬರನ್ನೊಬ್ಬರು ಓದದೆ ಕೂತಿದ್ದಾರೆ. ಇಲ್ಲಿ ಅನುವಾದವೂ ಬೇಕಿಲ್ಲ, ಲಿಪಿ ಬದಲಿಸಿದರೆ ಸಾಕು. ಇಂಥದ್ದನ್ನು ಬೆಂಗಳೂರಿನ ಸಂಪಾದಕರಿಗೆ ಯಾರಾದರೂ ನೆನಪಿಸಬೇಕು. ಮಂಗಳೂರಿನವರಿಗೆ ಅದು ಪಕ್ಕದ ಮನೆಯ ಸುದ್ದಿ.

ಹೊರದೇಶದ ಬರಹ ಎಂದ ಕೂಡಲೇ ನಮಗೆ ಯುರೋಪು, ಅಮೆರಿಕ, ಬಹಳ ಆದರೆ ಲ್ಯಾಟಿನ್ ಅಮೆರಿಕ. ಅದೂ ಇಂಗ್ಲಿಷಿನ ಮೂಲಕ. ಆದರೆ ಇಲ್ಲಿನ ಜನ ದಿನವೂ ಹೋಗಿ ಬರುವ ಹೊರದೇಶ ಯಾವುದು? ಬಜ್ಪೆಯಿಂದ ವಿಮಾನ ಹತ್ತಿದರೆ ದುಬೈ, ಅಬುಧಾಬಿ, ದಮಾಮ್. ಎರಡು ಮೂರು ತಲೆಮಾರು ಅಲ್ಲಿ ದುಡಿದಿದೆ. ಅರಬ್ ದೇಶಗಳ ಇವತ್ತಿನ ಕತೆ ಕವಿತೆಗಳನ್ನು ಅರೇಬಿಕ್‌ನಿಂದ ನೇರವಾಗಿ ಕನ್ನಡಕ್ಕೆ ತರುವವರು ಯಾವ ಊರಿನಲ್ಲಿ ಸಿಗಬಹುದು ಎಂದು ಯೋಚಿಸಿ. ಉಳ್ಳಾಲ, ದೇರಳಕಟ್ಟೆ, ಬಂಟ್ವಾಳದ ಕಡೆ ಅರೇಬಿಕ್ ಓದಿದವರು, ಕಲಿಸುವವರು ಇದ್ದಾರೆ. ಧರ್ಮಗ್ರಂಥದ ಅರೇಬಿಕ್ ಬೇರೆ, ಇವತ್ತಿನ ಕಾದಂಬರಿಯ ಅರೇಬಿಕ್ ಬೇರೆ ಎಂಬುದು ಸರಿ. ಆದರೂ ಸೊನ್ನೆಯಿಂದ ಶುರು ಮಾಡುವ ಅಗತ್ಯ ಇಲ್ಲ. ಅವರಲ್ಲಿ ಇಬ್ಬರಿಗೆ ಸಾಹಿತ್ಯದ ರುಚಿ ಹತ್ತಿಸಿದರೂ ಆಯಿತು, ಕನ್ನಡದಲ್ಲಿ ಅಪರೂಪವಾದ ಒಂದು ಬಾಗಿಲು ತೆರೆಯುತ್ತದೆ. ಇನ್ನು ಗಲ್ಫಿನಲ್ಲಿ ಕೂತು ಕನ್ನಡದಲ್ಲಿ, ಬ್ಯಾರಿಯಲ್ಲಿ ಬರೆಯುವವರ ಬರಹ ಇಲ್ಲಿನದೋ ಅಲ್ಲಿನದೋ? ಆ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಸುಮ್ನೆ ಅಚ್ಚು ಹಾಕುವುದು ಒಳ್ಳೆಯದು.

ಮಣಿಪಾಲದಲ್ಲಿ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಕಲಿಸುತ್ತಾರೆ. ಕೊಣಾಜೆಯ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಇದೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋದರೂ ಅಲ್ಲಿನವರು ಕನ್ನಡ ಬಿಡಲಿಲ್ಲ. ಮಲಯಾಳವನ್ನೂ ಕನ್ನಡವನ್ನೂ ಒಂದೇ ಸಲೀಸಿನಲ್ಲಿ ಆಡುವವರು ಅಲ್ಲಿ ಬೇಕಾದಷ್ಟು. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕ್ಕರ್ ಸ್ವಂತ ಬರಹದ ಜತೆ ಮಲಯಾಳದಿಂದ ಅನುವಾದವನ್ನೂ ಮಾಡಿದರು. ಅವರ ಮೊದಲ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಬೆಂಗಳೂರಿನ ‘ಲಂಕೇಶ್ ಪತ್ರಿಕೆ’ಯಲ್ಲಿ. ಇಲ್ಲಿ ಹತ್ತಿರದ ಸಂಪಾದಕರ ಕೈಗೆ ಅದು ಮೊದಲು ಸಿಕ್ಕಿದ್ದರೆ ಏನಾಗುತ್ತಿತ್ತು? ಗೊತ್ತಿಲ್ಲ, ಬಹುಶಃ ಹಾಕುವ ಧೈರ್ಯ ಮಾಡುತ್ತಿರಲಿಲ್ಲ. ದೂರದ ಪತ್ರಿಕೆಗೂ ಅದರದ್ದೇ ಲಾಭ ಉಂಟು.

ಸಣ್ಣ ಊರಿನ ಸಂಪಾದಕರಿಗೆ ಇನ್ನೂ ದೊಡ್ಡ ಕಷ್ಟ ಎಂದರೆ ‘ಬೇಡ’ ಎನ್ನುವುದು. ಇಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ನಿವೃತ್ತ ಮಾಸ್ಟ್ರ ಕವಿತೆಯನ್ನು ಸೋಮವಾರ ವಾಪಸ್ ಕಳಿಸಿದರೆ ಶನಿವಾರ ಅವರೇ ಯಕ್ಷಗಾನದಲ್ಲಿ ಪಕ್ಕದ ಕುರ್ಚಿಗೆ ಬರುತ್ತಾರೆ. ಅವರ ಮಗ ಪತ್ರಿಕೆಗೆ ಜಾಹೀರಾತು ಕೊಟ್ಟವನೂ ಆಗಿರಬಹುದು. ಹಾಗಾಗಿ ಬಂದದ್ದೆಲ್ಲ ಅಚ್ಚಾಗುತ್ತದೆ. ಮೂರನೇ ಸಂಚಿಕೆಗೆ ಪತ್ರಿಕೆ ಸ್ಮರಣ ಸಂಚಿಕೆಯಂತೆ ಕಾಣುತ್ತದೆ. ಚೆನ್ನಾಗಿ ಬರೆಯುವವರು ಅದನ್ನು ಬಿಟ್ಟು ದೂರದ ಪತ್ರಿಕೆಗಳ ಕಥಾಸ್ಪರ್ಧೆಗೆ ಕಳಿಸುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ.

ಹೊಸಬರಿಗೆ ಬೇಕಾದ್ದು ಅಚ್ಚಾಗುವುದಕ್ಕಿಂತ ಮೊದಲು ಓದಿಸಿಕೊಳ್ಳುವುದು. ಈ ಕತೆಯಲ್ಲಿ ಮೊದಲ ಎರಡು ಪುಟ ಬೇಡ, ಅಜ್ಜಿ ಇಷ್ಟು ಬೇಗ ಯಾಕೆ ಸಾಯಬೇಕು, ಮೀನುಗಾರನ ಮಾತು ಪಾಠಪುಸ್ತಕದ ಹಾಗಿದೆ, ಇನ್ನೊಮ್ಮೆ ಬರೆದು ಕಳಿಸಿ ಎಂದು ಬರೆಯುವ ಒಬ್ಬರು. ಈಗ ಕತೆ ಕಳಿಸಿದರೆ ಬರುವುದು ಮೌನ, ಇಲ್ಲವೇ ಪ್ರಕಟವಾದ ಪುಟದ ಫೋಟೋ. ನಡುವೆ ಏನೂ ಇಲ್ಲ. ಅನುವಾದಕ್ಕಂತೂ ಇದು ಎರಡು ಪಟ್ಟು ನಿಜ. ಅನುವಾದವನ್ನು ಮೂಲದ ಪಕ್ಕ ಇಟ್ಟು ಸಾಲು ಸಾಲು ನೋಡುವ ಎರಡನೇ ಕಣ್ಣು ಬೇಕು. ಅದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ, ಬಿಟ್ಟಿಯಾಗಿ ಬಹಳ ಕಾಲ ನಡೆಯುವ ಕೆಲಸವೂ ಅಲ್ಲ.

ಕಂಪ್ಯೂಟರ್ ಇದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು. ಗೂಗಲ್ ಅನುವಾದಕ್ಕೆ 2022ರಲ್ಲಿ ಕೊಂಕಣಿ ಸೇರಿತು, 2024ರ ಜೂನ್‌ನಲ್ಲಿ ತುಳು ಸೇರಿತು. ಉಪಯೋಗ ಇದೆ. ಪರಿಚಯವೇ ಇಲ್ಲದ ಭಾಷೆಯ ಕತೆ ಯಾವುದರ ಬಗ್ಗೆ ಎಂದು ತಿಳಿಯಲು, ಅನುವಾದಕ್ಕೆ ಆರಿಸಲು ಅದು ಸಾಕು. ಅಚ್ಚಿಗೆ ಹಾಕಲು ಸಾಲದು. ಒಬ್ಬ ಪಾತ್ರ ವ್ಯಂಗ್ಯವಾಗಿ ಹೇಳಿದ್ದನ್ನು ಅದು ಗಂಭೀರವಾಗಿ ಬರೆದಿಡುತ್ತದೆ.

ಹಕ್ಕಿನ ವಿಷಯದಲ್ಲಿ ನಮ್ಮ ಸಣ್ಣ ಪತ್ರಿಕೆಗಳು ಸ್ವಲ್ಪ ಉದಾಸೀನ. ಭಾರತದ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಅನುವಾದಿಸುವ ಹಕ್ಕೂ ಅದರಲ್ಲೇ ಸೇರಿದೆ. 1964ರೊಳಗೆ ತೀರಿಕೊಂಡವರ ಬರಹ 2025ರ ಜನವರಿ 1ರಿಂದ ಎಲ್ಲರದ್ದು. ಚೆಕಾಫ್, ಕಾಫ್ಕಾ, ಪ್ರೇಮಚಂದ್ ಎಲ್ಲ ಯಾವಾಗಲೋ ಮುಕ್ತ. ಜನ ಎಡವುವುದು ಇನ್ನೊಂದು ಕಡೆ. ಚೆಕಾಫರ ಕತೆ ಮುಕ್ತ, ಆದರೆ ಅದರ ಇಂಗ್ಲಿಷ್ ಅನುವಾದಕ್ಕೆ ಬೇರೆಯೇ ಹಕ್ಕು. ನಾವು ರಷ್ಯನ್ ಬಾರದೆ ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಎತ್ತಿಕೊಳ್ಳುವುದು ಆ ಅನುವಾದಕರ ಕೆಲಸವನ್ನು. ಚೆಕಾಫರನ್ನು ಇಂಗ್ಲಿಷಿಗೆ ತಂದ ಕಾನ್‌ಸ್ಟನ್ಸ್ ಗಾರ್ನೆಟ್ 1946ರಲ್ಲಿ ತೀರಿಕೊಂಡರು, ಅವರ ಅನುವಾದ ಬಳಸಬಹುದು. ಹೋದ ವರ್ಷ ಬಂದ ಹೊಸ ಅನುವಾದವನ್ನು ಕೇಳದೆ ಬಳಸುವ ಹಾಗಿಲ್ಲ.

ಬದುಕಿರುವ ಲೇಖಕರಾದರೆ ಪತ್ರ ಬರೆದು ಕೇಳಬೇಕು, ಅಷ್ಟೇ. ಐನೂರು ಪ್ರತಿಯ ಪತ್ರಿಕೆ, ಕನ್ನಡ ಎಂಬ ಭಾಷೆ, ಅರಬ್ಬೀ ಸಮುದ್ರದ ಕರೆಯ ಊರು ಎಂದು ವಿವರವಾಗಿ ಬರೆದರೆ ಖುಷಿಯಿಂದ ಒಪ್ಪುವ ಲೇಖಕರು ಇರುತ್ತಾರೆ. ಕೆಲವರ ಏಜೆಂಟರು ಉತ್ತರವನ್ನೇ ಕೊಡುವುದಿಲ್ಲ. ಆಗ ಬೇರೆಯವರನ್ನು ಕೇಳುವುದು. ಹೊಸ ಲೇಖಕರನ್ನೇ ಹಾಕುವ ಪತ್ರಿಕೆಗೆ ದೊಡ್ಡ ಹೆಸರುಗಳೇ ಬೇಕೆಂಬ ಹಟ ಯಾಕೆ?

ಕಾಗದದ ಲೆಕ್ಕವನ್ನು ಪೂರ್ತಿ ಬಿಡುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಜಿಎಸ್‌ಟಿ ಶೇಕಡಾ 12ರಿಂದ 18ಕ್ಕೆ ಏರಿತು. ಪತ್ರಿಕೆಗೆ ಜಿಎಸ್‌ಟಿ ಇಲ್ಲ. ಕೇಳಲು ಚೆಂದ. ಆದರೆ ಮಾರುವ ವಸ್ತುವಿಗೆ ತೆರಿಗೆ ಇಲ್ಲದ ಕಾರಣ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ. ಅಂಚೆಯಲ್ಲೂ ಹೊಡೆತ ಬಿತ್ತು. ಪುಸ್ತಕಗಳಿಗಿದ್ದ ರಿಜಿಸ್ಟರ್ಡ್ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ ತಿಂಗಳಲ್ಲಿ ಅದರ ಜಾಗಕ್ಕೆ ‘ಜ್ಞಾನ ಪೋಸ್ಟ್’ ಬಂತು, 300 ಗ್ರಾಂಗೆ 20 ರೂಪಾಯಿಯಿಂದ ಶುರು. ಒಂದು ಕೆಲಸ ಮಾತ್ರ ಹಗುರಾಗಿದೆ. 1867ರ ಹಳೆಯ ಕಾಯ್ದೆ ಹೋಗಿ 2024ರ ಮಾರ್ಚ್ 1ರಿಂದ ಹೊಸದು ಜಾರಿಯಾಗಿದೆ, ಪತ್ರಿಕೆಯ ನೋಂದಣಿಯನ್ನು ಆನ್‌ಲೈನ್‌ನಲ್ಲಿ ಮಾಡಬಹುದು.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ತ್ರೈಮಾಸಿಕ ಎಂದಿಟ್ಟುಕೊಳ್ಳಿ. 500 ಚಂದಾದಾರರು, ವರ್ಷಕ್ಕೆ 600 ರೂಪಾಯಿ. ಒಟ್ಟು ಮೂರು ಲಕ್ಷ, ಸಂಚಿಕೆಗೆ 75,000. ನಮ್ಮ ಅಭ್ಯಾಸ ಹೇಗೆ? ಮೊದಲು ಪ್ರೆಸ್, ಆಮೇಲೆ ಅಂಚೆ, ಆಮೇಲೆ ಬಿಡುಗಡೆ ಸಮಾರಂಭ, ಉಳಿದರೆ ಬರಹಗಾರರಿಗೆ. ಉಳಿಯುವುದಿಲ್ಲ. ಇದನ್ನು ತಿರುಗಿಸಿ ಹಾಕಬೇಕು. ಸಂಚಿಕೆಗೆ 20,000 ರೂಪಾಯಿ ಮೊದಲೇ ತೆಗೆದಿಟ್ಟರೆ ನಾಲ್ಕು ಅನುವಾದಕ್ಕೆ ತಲಾ 5,000. ಮಾಡಿದ ಕೆಲಸಕ್ಕೆ ಅದು ಸಾಲದು, ಆದರೆ ಮರ್ಯಾದೆ ಉಂಟು. ಮಿಕ್ಕ 55,000ದಲ್ಲಿ ಎಷ್ಟು ಪುಟ ಆಗುತ್ತದೋ ಅಷ್ಟು. ಪುಟ ಕಡಿಮೆಯಾದರೆ ಸಂಪಾದಕರಿಗೆ ಬೇಡ ಎನ್ನಲು ಒಂದು ನೆಪವೂ ಸಿಗುತ್ತದೆ. ಬಿಡುಗಡೆ ಸಮಾರಂಭ ಬೇಡವೇ ಬೇಡ. ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಊಟ ಎಂದು ಒಂದು ಸನ್ಮಾನಕ್ಕೆ ಹೋಗುವ ದುಡ್ಡನ್ನು ನೋಡಿದರೆ ಸಾಹಿತ್ಯಕ್ಕೆ ದುಡ್ಡಿಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಸಾರ್ವಜನಿಕ ದುಡ್ಡು ಕೇಳಬಹುದೇ? ಖಂಡಿತ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಆಸ್ತಿ ತೆರಿಗೆಯ ಜತೆ ಶೇಕಡಾ 6 ಗ್ರಂಥಾಲಯ ಕರ ಕಟ್ಟುತ್ತೇವೆ. ಎರಡು ಜಿಲ್ಲೆಯ ಗ್ರಂಥಾಲಯಗಳು ತಲಾ ಒಂದು ಪ್ರತಿಗೆ ಚಂದಾ ಮಾಡಿದರೂ ಸಣ್ಣ ಪತ್ರಿಕೆ ಉಸಿರಾಡುತ್ತದೆ.

ಐರ್ಲೆಂಡಿನಲ್ಲಿ ಕಾರ್ಕ್ ಎಂಬ ಬಂದರು ಊರಿದೆ, ರಾಜಧಾನಿ ಅಲ್ಲ, ಮಂಗಳೂರಿಗಿಂತ ಸಣ್ಣದು. ಅಲ್ಲಿನ ಮನ್ಸ್ಟರ್ ಸಾಹಿತ್ಯ ಕೇಂದ್ರ ‘ಸೌತ್‌ವರ್ಡ್’ ಎಂಬ ಪತ್ರಿಕೆ ನಡೆಸುತ್ತದೆ. ಊರಿನವರ ಜತೆ ಬೇರೆ ದೇಶದವರ ಹೊಸ ಬರಹ ಅದರಲ್ಲಿ ಬರುತ್ತದೆ. ಅದೇ ಕೇಂದ್ರ 2005ರಲ್ಲಿ ಊರಿನ ಕತೆಗಾರ ಫ್ರಾಂಕ್ ಓ’ಕಾನರ್ ಹೆಸರಿನಲ್ಲಿ ಸಣ್ಣಕತೆಗೆ ಅಂತಾರಾಷ್ಟ್ರೀಯ ಬಹುಮಾನ ಶುರು ಮಾಡಿತು. ಮೊದಲ ವರ್ಷ ಅದು ಚೀನಾದಲ್ಲಿ ಹುಟ್ಟಿದ ಯಿಯುನ್ ಲಿ ಅವರ ಮೊದಲ ಸಂಕಲನಕ್ಕೆ ಬಂತು, ಮರುವರ್ಷ ಹರುಕಿ ಮುರಕಾಮಿಗೆ. ದುಡ್ಡು ಕೊಟ್ಟದ್ದು ಆ ಊರಿನ ನಗರಸಭೆ. ಹತ್ತು ವರ್ಷದಲ್ಲಿ ಬಹುಮಾನ ನಿಂತಿತು, ಪತ್ರಿಕೆ ನಿಲ್ಲಲಿಲ್ಲ. ಆರಿಸುವ ಮತ್ತು ತಿದ್ದುವ ಕೆಲಸಕ್ಕೆ ಅಲ್ಲಿ ಒಂದು ಕಾಯಂ ಕಚೇರಿ ಇದೆ ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಲಿಟ್ ಫೆಸ್ಟ್‌ಗಳಿವೆ, ಎರಡು ದಿನ ಸಂಭ್ರಮ ಇರುತ್ತದೆ. ಮೂರನೇ ದಿನ ಒಂದು ಕತೆಯನ್ನು ಯಾರಿಗೆ ತೋರಿಸಬೇಕು ಎಂದರೆ ವಿಳಾಸ ಇಲ್ಲ. ಒಂದು ಕಾಲದಲ್ಲಿ ಅಂಥ ಮಾತುಕತೆಗೆ ಮಂಗಳೂರಿನಲ್ಲಿ ಅತ್ರಿ ಬುಕ್ ಸೆಂಟರ್ ಇತ್ತು. 1975ರಲ್ಲಿ ತೆರೆದ ಆ ಅಂಗಡಿ 2012ರಲ್ಲಿ ಮುಚ್ಚಿತು.

ಕೊನೆಯದಾಗಿ ಆಯಸ್ಸಿನ ಮಾತು. ಸಣ್ಣ ಪತ್ರಿಕೆಗಳು ಸಾಯುತ್ತವೆ, ಅದರಲ್ಲಿ ಅವಮಾನ ಏನಿಲ್ಲ. ಅವಮಾನ ಇರುವುದು ಐದು ವರ್ಷದ ಚಂದಾ ಪಡೆದು ಆರು ಸಂಚಿಕೆಗೆ ಮಾಯವಾಗುವುದರಲ್ಲಿ. ಆದ್ದರಿಂದ ಶುರುವಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಮೂರು ವರ್ಷ, ಹನ್ನೆರಡು ಸಂಚಿಕೆ, ಅಷ್ಟೇ. ಅನುವಾದಕರ ಹೆಸರು ಮುಖಪುಟದಲ್ಲಿ, ಲೇಖಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ. ಬಂದ ಪ್ರತಿ ಬರಹಕ್ಕೂ ಆರು ವಾರದೊಳಗೆ ಒಂದು ಉತ್ತರ, ಬೇಡವಾದರೆ ಯಾಕೆ ಎಂದು ಎರಡು ಸಾಲು. ಇಬ್ಬರು ಸಂಪಾದಕರು, ಒಬ್ಬರು ಈ ಜಿಲ್ಲೆಗಳ ಹೊರಗಿನವರು, ಬೇಡ ಎನ್ನುವ ಪತ್ರಕ್ಕೆ ಸಹಿ ಹಾಕಲು. ಇಬ್ಬರೂ ತಮ್ಮ ಸ್ವಂತ ಕತೆ ಕವಿತೆಯನ್ನು ಅದರಲ್ಲಿ ಹಾಕಿಕೊಳ್ಳಬಾರದು. ಹನ್ನೆರಡು ಸಂಚಿಕೆ ಮುಗಿದ ಮೇಲೂ ಯಾರಿಗಾದರೂ ಹುಮ್ಮಸ್ಸು ಇದ್ದರೆ ಹೊಸ ಸಂಪಾದಕರು, ಹೊಸ ಚಂದಾ. ಹಳೆಯ ಸಂಪಾದಕರು ಆಗ ಬೇಕಾದರೆ ತಮ್ಮ ಕತೆಯನ್ನು ಕಳಿಸಿ ಆರು ವಾರ ಕಾಯಲಿ.